ಜಾವೊ ಬೆಟ್ಟದಲ್ಲಿ ಶೈಲಜಾ ಕೇಳಿದ್ದು

ಹಲ್ಲಿಗೂ ಚಳಿಯಾಗುತ್ತದೆ ಅಂತ ನಿಮಗೆ ಗೊತ್ತಿತ್ತಾ?

ನನಗೆ ಗೊತ್ತಿರಲಿಲ್ಲ. ಕೈಗೆ ಚಳಿ, ಕಾಲಿಗೆ ಚಳಿ, ಮೂಗಿನ ತುದಿಗೆ ಚಳಿ, ಇವೆಲ್ಲ ಗೊತ್ತು. ಕಳೆದ ಫೆಬ್ರವರಿಯಲ್ಲಿ ಜಪಾನಿನ ಜಾವೊ ಬೆಟ್ಟದ ತುದಿಯಲ್ಲಿ ನಿಂತು, ಎದುರಿಗೆ ಕಂಡದ್ದಕ್ಕೆ ಬೆರಗಾಗಿ ಬಾಯಿ ತೆರೆದೆ ನೋಡಿ, ಮುಂದಿನ ಹಲ್ಲುಗಳು ಜುಂ ಎಂದವು. ಐಸ್‌ಕ್ರೀಂ ಕಚ್ಚಿದ ಹಾಗಲ್ಲ. ಯಾರೋ ಹಲ್ಲಿನೊಳಕ್ಕೇ ಸೂಜಿ ಇಳಿಸಿದ ಹಾಗೆ. ತಕ್ಷಣ ಬಾಯಿ ಮುಚ್ಚಿದೆ. ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕಣ್ಣು ಮಿಟುಕಿಸಿದರೆ ರೆಪ್ಪೆಗಳು ಬಿಟ್ಟುಕೊಳ್ಳಲು ಅರೆಕ್ಷಣ ತಡೆಯುತ್ತಿದ್ದವು. ಫೋಟೋ ತೆಗೆಯೋಣವೆಂದು ಮೊಬೈಲ್ ಹೊರಗೆ ತೆಗೆದರೆ, ಬೆಳಿಗ್ಗೆ ತಾನೇ ಚಾರ್ಜ್ ಮಾಡಿದ್ದ ಬ್ಯಾಟರಿ ನೋಡನೋಡುತ್ತಿದ್ದಂತೆ ಇಳಿದು ಸ್ಕ್ರೀನ್ ಕಪ್ಪಾಯಿತು.

(ಡಿಸೆಂಬರ್ ಬಂದರೆ ಮಂಕಿ ಕ್ಯಾಪ್ ಹಾಕಿಕೊಂಡು ಕುಕ್ಕರಹಳ್ಳಿ ಕೆರೆ ಸುತ್ತುವ ನನ್ನ ಮೈಸೂರಿನ ಬಂಧುಗಳು ನೆನಪಾದರು. ಅವರನ್ನು ನೋಡಿ ನಗುವ ಹಕ್ಕು ಅಲ್ಲಿ ನನಗೆ ಸಿಕ್ಕಿತು. ಆದರೆ ನಗಲು ಬಾಯಿ ತೆರೆಯಬೇಕಲ್ಲ.)

ಆ ಚಳಿಯಲ್ಲಿ ನನ್ನ ಪಕ್ಕ ನಿಂತಿದ್ದವಳು ಶೈಲಜಾ. ಅಲ್ಲಿ ಅವಳು ನನಗೆ ಏನೋ ಹೇಳಿದಳು. ನಾನು ತಲೆಯಾಡಿಸಿದೆ.

ಈ ವಾರದ ಅಂಕಣದಲ್ಲಿ ಹೇಳಬೇಕಾದದ್ದು ಇಷ್ಟೇ. ನಿಜವಾಗಿಯೂ ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಶೈಲಜಾ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಟೋಕಿಯೊದ ನಿಶಿ ಕಸಾಯಿಯಲ್ಲಿ ನಮ್ಮ ಬಿಲ್ಡಿಂಗಿನಿಂದ ಎರಡು ಬೀದಿ ಆಚೆ ಇದ್ದವಳು. ಅವಳ ಗಂಡ ರಘು ಬೆಂಗಳೂರಿನ ಒಂದು ಐಟಿ ಕಂಪನಿಯಿಂದ ಇಲ್ಲಿಗೆ ಬಂದವರು. ನಮ್ಮವರದೂ ಅದೇ ಕಥೆ, ಕಂಪನಿ ಬೇರೆ ಅಷ್ಟೆ. ಅವಳ ಮಗಳು ನಿಧಿ, ನನ್ನ ಮಗಳು ತನ್ವಿ ಇಬ್ಬರೂ ಇಲ್ಲಿನ ಸರ್ಕಾರಿ ಶಾಲೆಗೆ ಒಂದೇ ದಿನ ಸೇರಿದವರು. ಒಂದನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೆ ಜೊತೆಗೇ ನಡೆದುಕೊಂಡು ಹೋದವರು. ಮಕ್ಕಳು ತಮ್ಮ ತಮ್ಮಲ್ಲೇ ಜಪಾನಿ ಭಾಷೆಯಲ್ಲಿ ಪಿಸುಗುಟ್ಟುತ್ತಾ ಮುಂದೆ, ಏನೂ ಅರ್ಥವಾಗದ ಅಮ್ಮಂದಿರು ಕನ್ನಡದಲ್ಲಿ ಹರಟುತ್ತಾ ಹಿಂದೆ. ನಮ್ಮ ಸ್ನೇಹ ಬೆಳೆದದ್ದು ಹಾಗೆ.

ಶೈಲಜಾಗೆ ಒಂದು ಗುಣ. ಅವಳು ಯಾರ ಹತ್ತಿರವೂ ಏನನ್ನೂ ಕೇಳುವುದಿಲ್ಲ. ನನಗೆ ಜ್ವರ ಬಂದರೆ ಮೂರು ಹೊತ್ತೂ ಊಟದ ಡಬ್ಬಿ ತಂದುಕೊಟ್ಟವಳು, ತನಗೆ ಪಿತ್ತಕೋಶದ ಆಪರೇಷನ್ ಆದದ್ದನ್ನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೇಳಿದಳು. ಯಾಕೆ ಮೊದಲೇ ಹೇಳಲಿಲ್ಲ ಎಂದು ನಾನು ಜಗಳ ತೆಗೆದರೆ, 'ಹೇಳಿದ್ರೆ ನೀನು ಬಂದು ಕೂತ್ಕೋತಿದ್ದೆ' ಎಂದಳು. ಬಂದು ಕೂತುಕೊಳ್ಳುವುದು ತಪ್ಪಾ? ಅವಳ ಲೆಕ್ಕದಲ್ಲಿ ತಪ್ಪು.

ಈ ಚಳಿಗಾಲದ ನಡುವೆ ರಘು ಅವರ ಪ್ರಾಜೆಕ್ಟ್ ಮುಗಿಯಿತು. ವಾಪಸ್ ಬೆಂಗಳೂರು. ಫೆಬ್ರವರಿ ಕೊನೆಗೆ ಕಂಪನಿ ಮನೆ ಖಾಲಿ ಮಾಡಬೇಕು.

ಮಕ್ಕಳ ಆರನೇ ಕ್ಲಾಸಿನ ಬೀಳ್ಕೊಡುಗೆ ಸಮಾರಂಭ ಇದ್ದದ್ದು ಮಾರ್ಚಿನಲ್ಲಿ.

ಇಲ್ಲಿ ಅದು ಎಷ್ಟು ದೊಡ್ಡದು ಎಂದು ನಮ್ಮ ಊರಿನವರಿಗೆ ಅರ್ಥ ಮಾಡಿಸುವುದು ಕಷ್ಟ. ಮಾರ್ಕ್ಸು, ರ‍್ಯಾಂಕು ಏನೂ ಅಲ್ಲ. ಆರು ವರ್ಷ ಜೊತೆಗಿದ್ದ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತುತ್ತಾರೆ. ಮೇಷ್ಟರು ಹೆಸರು ಕೂಗುತ್ತಾರೆ. ಮಗು 'ಹಾಯ್' (ಅಂದರೆ ಇಲ್ಲಿನವರ 'ಹೂಂ') ಎಂದು ಇಡೀ ಹಾಲ್‌ಗೆ ಕೇಳುವಂತೆ ಉತ್ತರ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳುತ್ತದೆ. ಕೊನೆಯಲ್ಲಿ ಎಲ್ಲರೂ ಸೇರಿ ಹಾಡುತ್ತಾರೆ. ಅಪ್ಪಂದಿರೂ ಅಳುತ್ತಾರೆ. ಅದಕ್ಕಾಗಿ ಮಕ್ಕಳು ಜನವರಿಯಿಂದ ಪ್ರಾಕ್ಟೀಸ್ ಮಾಡುತ್ತಾರೆ. ಸಾಮಾನ್ಯವಾಗಿ ಹೆಣ್ಣುಮಕ್ಕಳು ಇಲ್ಲಿನ ಸಾಂಪ್ರದಾಯಿಕ ಉಡುಗೆ ಹಾಕುತ್ತಾರೆ. ನಿಧಿ, ತನ್ವಿ ಇಬ್ಬರೂ ರೇಷ್ಮೆ ಲಂಗ ಉಡುವುದೆಂದು ಐದನೇ ಕ್ಲಾಸಿನಲ್ಲೇ ತೀರ್ಮಾನಿಸಿದ್ದರು. ಲಂಗಗಳನ್ನು ಬೆಂಗಳೂರಿನಲ್ಲಿ ಹೊಲಿಸಿಕೊಂಡು ಬಂದೂ ಆಗಿತ್ತು.

ಆ ದಿನಗಳಲ್ಲಿ ನಾನೂ ನಮ್ಮವರೂ ಊಟಕ್ಕೆ ಕೂತಾಗ ಒಂದು ಮಾತು ಬಂತು. ನಿಧಿಯನ್ನು ಸಮಾರಂಭದವರೆಗೆ ನಾವೇ ಇಟ್ಟುಕೊಂಡರೆ? ಸ್ಪ್ರಿಂಗ್ ರಜೆಗೆ ಹೇಗೂ ನಾವು ಬೆಂಗಳೂರಿಗೆ ಹೋಗುವವರು. ಜೊತೆಗೇ ಕರೆದುಕೊಂಡು ಹೋಗಿ ಬಿಟ್ಟರಾಯಿತು. ಅವಳ ವೀಸಾಗೂ ತೊಂದರೆ ಇರಲಿಲ್ಲ. ತನ್ವಿ ಅಂತೂ ಚಪ್ಪಾಳೆ ತಟ್ಟಿದಳು. ಆದರೆ ಹೇಳುವುದು ಹೇಗೆ? ಆಪರೇಷನ್ ವಿಷಯವನ್ನೇ ಹೇಳದವಳು ಮಗಳನ್ನು ಬಿಟ್ಟು ಹೋಗುತ್ತಾಳಾ? 'ನಿಮ್ಮ ಕೈಲಿ ಆಗದಿದ್ದರೆ ನಾವು ನೋಡ್ಕೋತೀವಿ' ಎಂದಂತೆ ಕೇಳಿಸಿದರೆ? ಅವರಾಗಿ ಬಾಯಿಬಿಟ್ಟರೆ ನೋಡೋಣ ಅಂದರು ನಮ್ಮವರು. ಸರಿ ಎಂದೆ.

ಅವಳು ಬಾಯಿ ಬಿಟ್ಟದ್ದು ಜಾವೊದಲ್ಲಿ.

ಜಾವೊಗೆ ಹೋಗಬೇಕೆಂಬುದು ನಮ್ಮಿಬ್ಬರ ಹಳೆಯ ಪ್ಲಾನು. ಅಲ್ಲಿ ಬೆಟ್ಟದ ಮೇಲಿನ ಮರಗಳಿಗೆ ಹಿಮಗಾಳಿ ಬಡಿದು ಬಡಿದು, ರೆಂಬೆ ಎಲೆ ಏನೂ ಕಾಣದಂತೆ ಹಿಮ ಮೆತ್ತಿಕೊಂಡು, ಒಂದೊಂದು ಮರವೂ ಬಿಳಿ ಕಂಬಳಿ ಹೊದ್ದ ರಾಕ್ಷಸನ ಹಾಗೆ ನಿಲ್ಲುತ್ತದೆ. ಟೋಕಿಯೊದಲ್ಲಿ ಬೀಳುವ ಹಿಮ ಹಿಮವೇ ಅಲ್ಲ. ಬೆಳಿಗ್ಗೆ ಬಿದ್ದದ್ದು ಮಧ್ಯಾಹ್ನಕ್ಕೆ ಕೊಚ್ಚೆ. ಪ್ರತಿ ವರ್ಷ ಹೊರಡುತ್ತೇವೆ ಅನ್ನುವುದು, ಒಂದು ವರ್ಷ ಮಕ್ಕಳಿಗೆ ಜ್ವರ, ಇನ್ನೊಂದು ವರ್ಷ ಊರಿಂದ ನೆಂಟರು, ಹೀಗೇ ಮುಂದೆ ಹೋಗಿತ್ತು. ಇನ್ನು ಪ್ಯಾಕರ್ಸ್ ಬರುವವರಿದ್ದಾರೆ ಅನ್ನುವಾಗ ಶೈಲಜಾ ತಾನಾಗಿಯೇ ಫೋನ್ ಮಾಡಿ, ನಾವಿಬ್ಬರೇ ಹೋಗಿ ಬರೋಣ, ಮಕ್ಕಳನ್ನು ಅಪ್ಪಂದಿರು ನೋಡಿಕೊಳ್ಳಲಿ ಎಂದಳು. ನನಗೆ ಆಶ್ಚರ್ಯ. ಅವಳಾಗಿ ಕೇಳಿದಳಲ್ಲ.

ಬೆಳಿಗ್ಗೆ ಮೊದಲ ಶಿಂಕಾನ್ಸೆನ್ ಬುಲೆಟ್ ರೈಲುಗಳಲ್ಲೊಂದು ಹಿಡಿದೆವು. ಮೈಮೇಲೆ ಪದರ ಪದರ ಬಟ್ಟೆ. ಹೊಟ್ಟೆಗೊಂದು, ಬೆನ್ನಿಗೊಂದು, ಪಾದಗಳಿಗೊಂದೊಂದು ಕೈರೋ. (ಕೈರೋ ಅಂದರೆ ಇಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುವ, ಬಟ್ಟೆಗೆ ಅಂಟಿಸಿಕೊಂಡರೆ ದಿನವಿಡೀ ಬಿಸಿಯಾಗಿರುವ ಪುಟ್ಟ ಚೀಲ. ಇದಿಲ್ಲದಿದ್ದರೆ ನಮ್ಮಂಥವರು ಈ ದೇಶದಲ್ಲಿ ಬದುಕುತ್ತಿರಲಿಲ್ಲ.) ಶೈಲಜಾ ಚಿತ್ರಾನ್ನ ಮಾಡಿಕೊಂಡು ಬಂದಿದ್ದಳು. ಅರ್ಧ ರೈಲಿನಲ್ಲಿ ತಿಂದೆವು. ಅರ್ಧ ಬೆಟ್ಟದ ಮೇಲೆ ತಿನ್ನೋಣ ಎಂದು ಇಟ್ಟುಕೊಂಡೆವು. ದಾರಿಯುದ್ದಕ್ಕೂ ಅವಳು ಮಾತು ಕಡಿಮೆ. ಕಿಟಕಿಯ ಆಚೆ ಹಿಮ ಹೆಚ್ಚುತ್ತಾ ಹೋದಂತೆ ಅವಳ ಮಾತು ಇನ್ನೂ ಕಡಿಮೆಯಾಯಿತು. ಊರು ಬಿಡುವ ಬೇಸರ ಇರಬೇಕು ಅಂದುಕೊಂಡು ನಾನೂ ಸುಮ್ಮನಿದ್ದೆ.

ಶಿಂಕಾನ್ಸೆನ್ ಇಳಿದು ಬಸ್ಸು, ಬಸ್ಸಿಳಿದು ರೋಪ್‌ವೇ. ಮೊದಲ ಹಂತ ಹತ್ತುವವರೆಗೆ ಆಕಾಶ ಸುಮಾರಾಗಿತ್ತು. ಎರಡನೇ ಹಂತದಲ್ಲಿ ಡಬ್ಬಿಯಂಥ ಗಾಡಿ ಗಾಳಿಗೆ ತೂಗತೊಡಗಿತು. ಮೇಲಿನ ಸ್ಟೇಷನ್ನಿನ ಗೋಡೆಯ ಥರ್ಮಾಮೀಟರ್ ಮೈನಸ್ ಹದಿನೈದರ ಹತ್ತಿರ ಇತ್ತು. ಗಾಳಿ ಜೋರಾಗುತ್ತಿದೆ, ರೋಪ್‌ವೇ ನಿಲ್ಲಬಹುದು, ಬೇಗ ನೋಡಿಕೊಂಡು ಬನ್ನಿ ಎಂದು ಮೈಕಿನಲ್ಲಿ ಹೇಳುತ್ತಿದ್ದರು.

ಬಾಗಿಲ ಬಳಿ ಒಬ್ಬ ಜಪಾನಿ ಅಜ್ಜಿ ನಮ್ಮನ್ನು ನೋಡಿದರು. ನನ್ನ ಟೋಪಿ ಕಿವಿಯ ಮೇಲಕ್ಕೆ ಸರಿದಿತ್ತು. ಅವರು 'ಮಿಮಿ, ಮಿಮಿ' ಎಂದು ತಮ್ಮ ಕಿವಿ ಮುಟ್ಟಿ ತೋರಿಸಿ, ಅಷ್ಟಕ್ಕೆ ಬಿಡದೆ, ಸುಮಿಮಾಸೆನ್, ಕ್ಷಮಿಸಿ, ಎಂದು ಹತ್ತಿರ ಬಂದು ನನ್ನ ಟೋಪಿಯನ್ನು ಕಿವಿಯ ಕೆಳಗಿನವರೆಗೆ ಎಳೆದರು. ಅದರ ಮೇಲೆ ಜಾಕೆಟ್ಟಿನ ಹುಡ್ ಹಾಕಿದರು. ದಾರ ಎಳೆದು ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿದರು, ಶಾಲೆಗೆ ಹೊರಟ ಮಗುವಿಗೆ ಹಾಕುವಂತೆ. ನಾನು ಬಗ್ಗಿ ಬಗ್ಗಿ ಅರಿಗಾತೋ ಎಂದೆ. ಜಗತ್ತೆಲ್ಲ ಮ್ಯೂಟ್ ಆದಂತಾಯಿತು. ಅವರ ಪ್ರೀತಿ ನನ್ನ ಕಿವಿಗಳನ್ನು ಕಾಪಾಡಿತು. ಅದರಲ್ಲಿ ಅನುಮಾನವಿಲ್ಲ.

ಹೊರಗೆ ಕಾಲಿಟ್ಟೆವು. ನೆಲ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಯಾರೋ ಮೇಲಿನಿಂದ ಅಕ್ಕಿಹಿಟ್ಟಿನ ಮೂಟೆ ಬಿಚ್ಚಿ ಫ್ಯಾನ್ ಹಾಕಿದಂತೆ. ಗಾಳಿ ಒಂದು ಕ್ಷಣ ತಡೆದಾಗ ಮಾತ್ರ ಆ ಮರಗಳು ಕಾಣುತ್ತಿದ್ದವು, ಸಾಲುಸಾಲಾಗಿ, ಬೆನ್ನು ಬಾಗಿಸಿಕೊಂಡು ನಿಂತ ಬಿಳಿಯ ಜನ. ಮತ್ತೆ ಮಾಯ. ಹಲ್ಲು ಜುಂ ಎಂದದ್ದು ಆಗಲೇ. ಚಳಿ ಅನ್ನುವ ಮಾತು ಅದಕ್ಕೆ ಸಾಲದು. ನಮ್ಮ ಚಳಿಗೆ ಕಾಫಿ ಇದೆ, ಬಿಸಿನೀರಿನ ಸ್ನಾನ ಇದೆ. ಅಲ್ಲಿಯದು ಬೇರೆ ಜಾತಿ. ಗಾಳಿ ಬೀಸಿದಾಗಲೆಲ್ಲ ಹಣೆಯ ಬರಿ ಜಾಗಕ್ಕೆ ಸ್ಟೀಲ್ ಪಟ್ಟಿಯಿಂದ ಹೊಡೆದಂತೆ. ಕೈಗವಸಿನೊಳಗೆ ಬೆರಳುಗಳು ಮೊದಲು ನೋಯುತ್ತವೆ. ಆಮೇಲೆ ನೋಯುವುದಿಲ್ಲ. ಆಗ ಭಯವಾಗುತ್ತದೆ.

ಸ್ಟೇಷನ್ನಿಗೆ ಹತ್ತಿರದಲ್ಲೇ ಜಿಜೋ ದೇವರ ದೊಡ್ಡ ಕಲ್ಲಿನ ಮೂರ್ತಿ ಇದೆ. ಬೇಸಿಗೆಯಲ್ಲಿ ಪೂರ್ತಿ ಕಾಣುವ ಮೂರ್ತಿ ಆ ದಿನ ಕತ್ತಿನವರೆಗೆ ಹಿಮದಲ್ಲಿ ಹೂತಿತ್ತು. ಮುಖವೊಂದೇ ಮೇಲೆ. ಇವನು ಮಕ್ಕಳನ್ನು ಕಾಯುವ ದೇವರಂತೆ. ಶೈಲಜಾ ಮಂಡಿಯೂರಿ ಕೂತು, ದೇವರ ಹಣೆಯ ಮೇಲಿನ ಹಿಮವನ್ನು ಕೈಗವಸಿನಿಂದ ಒರೆಸಿದಳು. ಕೈಮುಗಿದಳು. ಎದ್ದು ನನ್ನ ಕಡೆ ತಿರುಗಿದಳು.

ಅವಳ ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ಅವಳು ಏನೋ ಹೇಳತೊಡಗಿದಳು. ಚಿಕ್ಕ ಮಾತಲ್ಲ, ಉದ್ದನೆಯದು. ಬಾಯಿಯ ಮೇಲಿದ್ದ ಮಫ್ಲರ್ ಮೇಲೆ ಕೆಳಗೆ ಆಡುತ್ತಿದ್ದದ್ದು ಕಂಡಿತು. ನನಗೆ ಕೇಳಿಸಿದ್ದು ಗಾಳಿ, ಹುಡ್ಡಿನ ಬಟ್ಟೆಯ ಪಟಪಟ ಸದ್ದು, ನನ್ನದೇ ಉಸಿರು. ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಾ ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು. ಗಾಳಿಗೆ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ, ಅಲ್ಲವಾ?

ಕೊನೆಗೂ ಬಂದೆವಲ್ಲ, ಎಷ್ಟು ಚೆನ್ನಾಗಿದೆ, ನಿನ್ನನ್ನು ಬಿಟ್ಟು ಹೋಗಲು ಬೇಜಾರು, ಅಂಥದ್ದೇನೋ ಅಂದುಕೊಂಡೆ. ಅಂಥ ಜಾಗದಲ್ಲಿ ಮತ್ತೇನು ಹೇಳುತ್ತಾರೆ? ಜೋರಾಗಿ ತಲೆಯಾಡಿಸಿದೆ. ಒಂದು ಸಲವಲ್ಲ, ಎರಡು ಮೂರು ಸಲ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ದಪ್ಪ ಕೈಗವಸಿನ ಮೇಲೆ ದಪ್ಪ ಕೈಗವಸು. ಬಿಡಲೇ ಇಲ್ಲ, ಸ್ಟೇಷನ್ನಿನ ಬಾಗಿಲು ಬರುವವರೆಗೂ.

ಇಳಿಯುವಾಗ ಅವಳು ಬೇರೆಯೇ ಹೆಂಗಸು. ಚಿತ್ರಾನ್ನದ ಡಬ್ಬಿ ತೆಗೆದರೆ ಅನ್ನ ಗಟ್ಟಿಯಾಗಿ, ಕಡಲೆಬೀಜ ಕಲ್ಲಾಗಿತ್ತು. ಅದಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೆಳಗಿನ ಅಂಗಡಿಯಲ್ಲಿ ಬಿಸಿ ನಿಂಬೆ ಪಾನಕ ಎರಡೆರಡು ಲೋಟ ಕುಡಿದೆವು. ವಾಪಸ್ ರೈಲಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಮಲಗುವ ಮೊದಲು 'ಥ್ಯಾಂಕ್ಸ್ ಕಣೇ' ಎಂದಳು. 'ಥ್ಯಾಂಕ್ಸ್ ಏನ್ ಬಂತು' ಎಂದೆ. ಹಿಮಕ್ಕೆ ಮನುಷ್ಯರನ್ನು ಇಷ್ಟು ಹಗುರ ಮಾಡುವ ಶಕ್ತಿ ಇದೆಯಾ ಅಂದುಕೊಂಡೆ. (ಅದರ ಮೇಲೆ ಒಂದು ಅಂಕಣ ಬರೆಯಬೇಕು ಎಂದೂ ಅಂದುಕೊಂಡೆ. ಪುಣ್ಯಕ್ಕೆ ಬರೆಯಲಿಲ್ಲ.)

ನಾಲ್ಕೈದು ದಿನ ಕಳೆದಿರಬೇಕು. ಈ ನಡುವೆ ಶೈಲಜಾ ಮನೆ ಸಾಮಾನೆಲ್ಲ ಹಂಚುತ್ತಿದ್ದಳು. ಅವಳ ಹತ್ತಿರ ಒಂದು ವೆಟ್ ಗ್ರೈಂಡರ್ ಇತ್ತು, ಬೆಂಗಳೂರಿನಿಂದ ಹೊತ್ತು ತಂದದ್ದು. ನಿಶಿ ಕಸಾಯಿಯ ದೋಸೆ ಪ್ರಿಯರೆಲ್ಲ ಕಣ್ಣಿಟ್ಟಿದ್ದ ಗ್ರೈಂಡರ್. ಅದನ್ನು ನೀನೇ ಇಟ್ಟುಕೋ ಎಂದು ನನಗೆ ವಾಟ್ಸ್ಯಾಪ್ ಮಾಡಿದ್ದಳು. ನಮ್ಮ ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದೆ. ಕೇಳಿದೆ. ನಮ್ಮವರು ನಕ್ಕು, ಇಡುವುದೆಲ್ಲಿ ಎಂದರು.

ಆ ದಿನ ಸಂಜೆ ನಾನು ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಶೈಲಜಾ ಫೋನ್. ಸ್ಪೀಕರಿಗೆ ಹಾಕಿದೆ. ಸ್ವಲ್ಪ ಹೊತ್ತು ಅದೂ ಇದೂ ಆಯಿತು. ಆಮೇಲೆ ಅವಳು ಕೇಳಿದಳು.

"ನಿಮ್ಮನೆಯವರ ಹತ್ರ ಮಾತಾಡಿದ್ಯಾ?"

"ಹೂಂ ಕಣೇ, ಮಾತಾಡ್ದೆ. ಇರೋದೇ ಎರಡು ರೂಮು, ಜಾಗ ಎಲ್ಲಿದೆ ಅಂತಾರೆ. ನಂಗೇನೋ ಆಸೆ ಇದೆ. ಆದ್ರೆ ಕಷ್ಟ. ಬೇರೆ ಯಾರನ್ನಾದ್ರೂ ಕೇಳಿ ನೋಡು."

ಕಾದ ಎಣ್ಣೆಗೆ ಸಾಸಿವೆ ಹಾಕಿದೆ.

"ಪರವಾಗಿಲ್ಲ ಬಿಡು. ನಾನು ಕೇಳಬಾರದಿತ್ತು" ಎಂದಳು.

ಒಂದು ಗ್ರೈಂಡರಿಗೆ ಇಷ್ಟೊಂದು ಬೇಜಾರಾ ಎಂದು ನನಗೆ ಕೊಂಚ ವಿಚಿತ್ರ ಅನ್ನಿಸಿತು. ಅನ್ನಿಸಿತು, ಅಷ್ಟೆ. ಸಾಸಿವೆ ಸಿಡಿಯುತ್ತಿತ್ತು. ಆಮೇಲೆ ಮಾಡ್ತೀನಿ ಎಂದು ಫೋನ್ ಇಟ್ಟೆ.

ಅವರು ಹೊರಟ ದಿನ ಏರ್‌ಪೋರ್ಟ್ ಬಸ್ಸಿನವರೆಗೆ ಹೋದೆವು. ಶೈಲಜಾ ಎಂದಿನಂತೆ ತಿಂಡಿ ಡಬ್ಬಿ ನನ್ನ ಕೈಗಿಟ್ಟಳು. ನಿಧಿ ತನ್ನ ಶಾಲೆಯ ಚರ್ಮದ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡಿದ್ದಳು, ಇಲ್ಲಿನ ಮಕ್ಕಳು ಆರು ವರ್ಷವೂ ಹೊರುವ ಆ ಕೆಂಪು ಬ್ಯಾಗು. ಬೆಂಗಳೂರಿನಲ್ಲಿ ಅದಕ್ಕೆ ಏನೂ ಕೆಲಸವಿಲ್ಲ. ಸೂಟ್‌ಕೇಸಿಗೆ ಹಾಕಲು ಬಿಡಲಿಲ್ಲವಂತೆ. ತನ್ವಿಯನ್ನು ತಬ್ಬಿಕೊಂಡಳು. ನಾನು ತಲೆ ಸವರಲು ಹೋದರೆ ಹಿಂದೆ ಸರಿದಳು. ಮಗು, ದುಃಖದಲ್ಲಿದೆ ಅಂದುಕೊಂಡೆ.

ಇಲ್ಲಿಯವರೆಗೆ ಎಷ್ಟು ಸಲ 'ಅಂದುಕೊಂಡೆ' ಎಂದು ಬರೆದೆ? ನನಗೇ ಬೇಜಾರಾಗುತ್ತಿದೆ.

ಮಾರ್ಚಿನಲ್ಲಿ ಸಮಾರಂಭ ನಡೆಯಿತು. ಶಾಲೆಯ ಜಿಮ್ ಹಾಲ್ ತಣ್ಣಗೆ ಕೊರೆಯುತ್ತಿತ್ತು. ತನ್ವಿ ಒಬ್ಬಳೇ ರೇಷ್ಮೆ ಲಂಗದಲ್ಲಿ ವೇದಿಕೆ ಹತ್ತಿದಳು. ಜೋರಾಗಿ 'ಹಾಯ್' ಎಂದಳು. ನಮ್ಮವರು ಅತ್ತರು. ಮನೆಗೆ ಬಂದು ತನ್ವಿಯ ಫೋಟೋಗಳನ್ನು ಶೈಲಜಾಗೆ ಕಳಿಸಿ, ಕೆಳಗೆ 'ನಿಧಿ ಇರಬೇಕಿತ್ತು' ಎಂದು ಬರೆದೆ.

ಸ್ವಲ್ಪ ಹೊತ್ತಿಗೆ ಅವಳ ಫೋನ್ ಬಂತು. ಲಂಗ ಚೆನ್ನಾಗಿ ಕೂತಿದೆ ಎಂದಳು. ನಿಧಿಗೆ ಫೋಟೋ ತೋರಿಸಲಿಲ್ಲ, ಆಮೇಲೆ ತೋರಿಸ್ತೀನಿ ಎಂದಳು. ಬಹಳ ಮೆತ್ತಗೆ ಮಾತಾಡುತ್ತಿದ್ದಳು.

"ನೀನೇನೂ ಮನಸ್ಸಿಗೆ ಹಚ್ಕೋಬೇಡ ಮಾಲಿನಿ. ಮೊದಮೊದಲು ನಂಗೆ ಬೇಜಾರಾಗಿದ್ದು ನಿಜ. ಆದ್ರೆ ಇನ್ನೊಬ್ಬರ ಮಗೂನ ಇಟ್ಕೊಳ್ಳೋದು ಅಂದ್ರೆ ಸುಮ್ನೇನಾ. ಹೂಂ ಅಂದ್ಮೇಲೆ ಮನೇಲಿ ಬೇಡ ಅಂದ್ರೆ ನೀನಾದ್ರೂ ಏನ್ ಮಾಡ್ತೀಯ."

"ಯಾವ ಮಗು?" ಎಂದೆ.

"ನಿಧಿ ವಿಷ್ಯ. ಜಾವೊದಲ್ಲಿ ಕೇಳಿದ್ನಲ್ಲ."

ನನ್ನ ಕೈಯಲ್ಲಿ ತನ್ವಿಯ ಲಂಗ ಇತ್ತು, ಮಡಚುತ್ತಿದ್ದೆ. ಹಾಗೇ ಹಿಡಿದುಕೊಂಡು ಕೂತುಬಿಟ್ಟೆ.

"ನಂಗೆ ಏನೂ ಕೇಳಿಸ್ಲಿಲ್ಲ ಶೈಲ" ಎಂದೆ. "ಅಲ್ಲಿ ನೀನು ಹೇಳಿದ್ದು ಒಂದು ಮಾತೂ ನಂಗೆ ಕೇಳಿಸ್ಲಿಲ್ಲ."

"ತಲೆ ಆಡಿಸ್ದೆ ನೀನು."

"ಆಡಿಸ್ದೆ."

"ಆಮೇಲೆ ಫೋನಲ್ಲಿ, ಜಾಗ ಇಲ್ಲ ಅಂದ್ಯಲ್ಲ?"

"ಗ್ರೈಂಡರಿಗೆ."

ಬೆಂಗಳೂರಿನ ಯಾವುದೋ ಬೀದಿಯಲ್ಲಿ ಆಟೋ ಹಾರ್ನ್ ಕೇಳಿಸುತ್ತಿತ್ತು. ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಕೊನೆಗೆ ನಾನೇ ಕೇಳಿದೆ. ಅಷ್ಟು ಮುಖ್ಯವಾದ ಮಾತನ್ನು ಆ ಗಾಳಿಯಲ್ಲಿ ಹೋಗಿ ಯಾಕೆ ಕೇಳಿದೆ? ಮನೆಯಲ್ಲಿ, ರೈಲಿನಲ್ಲಿ, ಬಸ್ಸಿನಲ್ಲಿ ಕೇಳಬಾರದಿತ್ತಾ? ರೈಲಿನಲ್ಲಿ ಕೇಳಬೇಕೆಂದೇ ಹೊರಟಿದ್ದಳಂತೆ. ಬಾಯಿ ಬರಲಿಲ್ಲವಂತೆ.

"ಅಲ್ಲಿ ಇಬ್ರೂ ಮುಖ ಮುಚ್ಕೊಂಡಿದ್ವಲ್ಲ" ಎಂದಳು. "ಅದಕ್ಕೇ ಧೈರ್ಯ ಬಂತು."

ನಾವೂ ನಿಧಿಯನ್ನು ಇಟ್ಟುಕೊಳ್ಳುವ ಮಾತಾಡಿದ್ದೆವು, ನೀನು ಏನಂದುಕೊಳ್ಳುತ್ತೀಯೋ ಎಂದು ಸುಮ್ಮನಾದೆವು ಎಂದು ಅವಳಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳಿದೆ. ಹೇಳದಿದ್ದರೆ ಚೆನ್ನಾಗಿತ್ತೇನೋ. ಅವಳು ಅತ್ತದ್ದು ಆಗಲೇ.

ಈ ದೇಶದಲ್ಲಿ ತಲೆಯಾಡಿಸುವುದು ಒಂದು ದೊಡ್ಡ ವ್ಯವಹಾರ. ಕೇಳುವವರು ತಲೆಯಾಡಿಸದಿದ್ದರೆ ಹೇಳುವವರ ಮಾತು ಮುಂದಕ್ಕೇ ಹೋಗುವುದಿಲ್ಲ. ನಮ್ಮವರ ಆಫೀಸಿಗೆ ಹೊಸದಾಗಿ ಬಂದ ಬೆಂಗಳೂರಿನವರೊಬ್ಬರು, ಮೀಟಿಂಗಿನ ಉದ್ದಕ್ಕೂ ಕ್ಲೈಂಟ್ ಕಡೆಯ ಮೋರಿ ಸಾನ್ 'ಹಾಯ್, ಹಾಯ್' ಎಂದು ತಲೆಯಾಡಿಸಿದ್ದನ್ನು ನೋಡಿ, ಡಿಸೈನ್ ಓಕೆ ಆಯಿತೆಂದು ಟೀಮಿಗೆಲ್ಲ ಪಾರ್ಟಿ ಕೊಡಿಸಿದ್ದರು. ಮರುದಿನ ಮೋರಿ ಸಾನ್ ಅವರಿಂದ ಆಕ್ಷೇಪಣೆಗಳ ಮಾರುದ್ದದ ಮೇಲ್ ಬಂತು. ಇಲ್ಲಿ ಹಾಯ್ ಅಂದರೆ ಒಪ್ಪಿದೆ ಅಂತಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಅಂತ. ನಾವು ಎಷ್ಟು ನಕ್ಕಿದ್ದೆವು.

ಮೋರಿ ಸಾನ್ ಕೇಳಿಸಿಕೊಂಡಾದರೂ ತಲೆಯಾಡಿಸಿದ್ದರು.

ನಾನು? ಕೊಂಬಿನಿಯಲ್ಲಿ, ಅಂದರೆ ಬೀದಿ ಮೂಲೆಯ ಅಂಗಡಿಯಲ್ಲಿ, ಕೌಂಟರಿನವರು ಗಡಿಬಿಡಿಯಲ್ಲಿ ಏನೋ ಕೇಳುತ್ತಾರೆ, ತಲೆಯಾಡಿಸುತ್ತೇನೆ, ತಣ್ಣಗೆ ತಿನ್ನಬೇಕೆಂದಿದ್ದು ಬಿಸಿಯಾಗಿ ಕೈಗೆ ಬರುತ್ತದೆ. ಶಾಲೆಯ ಪೇರೆಂಟ್ಸ್ ಮೀಟಿಂಗಿನಲ್ಲಿ ತಲೆಯಾಡಿಸುತ್ತೇನೆ, ಮುಂದಿನ ತಿಂಗಳ ತೋಟದ ಕೆಲಸಕ್ಕೆ ನನ್ನ ಹೆಸರು ಬಿದ್ದಿರುತ್ತದೆ. ಭಾಷೆ ಬಾರದವರ ಪಾಡು ಇದು ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಶೈಲಜಾ ಮಾತಾಡಿದ್ದು ಕನ್ನಡ.

ಜಾವೊದಲ್ಲಿ ಗಾಳಿ ಇತ್ತು, ಒಪ್ಪಿಕೊಳ್ಳೋಣ. ಟೋಪಿ ಇತ್ತು, ಹುಡ್ ಇತ್ತು, ಆ ಅಜ್ಜಿ ಕಟ್ಟಿದ ಗಂಟು ಇತ್ತು. ನನ್ನ ಬೆಚ್ಚಗಿನ ಅಡುಗೆಮನೆಯಲ್ಲಿ ಫೋನ್ ಸ್ಪೀಕರಿನಲ್ಲಿ ಇದ್ದಾಗ ಏನಿತ್ತು? ಅವಳು 'ನಾನು ಕೇಳಬಾರದಿತ್ತು' ಎಂದಾಗ, 'ಏನನ್ನೇ?' ಎಂಬ ಒಂದು ಮಾತು ಸಾಕಿತ್ತು. ಅವಳಿಗೂ 'ನಿಧಿ ವಿಷಯ' ಎಂಬ ಒಂದು ಮಾತು ಸಾಕಿತ್ತು. ನಮ್ಮ ಕನ್ನಡದಲ್ಲಿ ಪ್ರಶ್ನೆ ಹಾಕುವುದಕ್ಕೂ ಕೇಳುವುದು ಅನ್ನುತ್ತೇವೆ, ಕಿವಿಗೊಡುವುದಕ್ಕೂ ಕೇಳುವುದು ಅನ್ನುತ್ತೇವೆ. ಎರಡನ್ನೂ ಒಂದೇ ಶಬ್ದದಲ್ಲಿ ಇಟ್ಟುಕೊಂಡೂ ಇಬ್ಬರು ಗೆಳತಿಯರು ಒಂದನ್ನೂ ಸರಿಯಾಗಿ ಮಾಡಲಿಲ್ಲ.

ರಜೆಗೆ ಬೆಂಗಳೂರಿಗೆ ಹೋದೆವು. ಮೊದಲ ಕೆಲಸ ಜಯನಗರದ ಅವರ ಹೊಸ ಬಾಡಿಗೆ ಮನೆ. ಶೈಲಜಾ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. ಗ್ರೈಂಡರಿನ ವಿಷಯಕ್ಕೆ ಇಬ್ಬರೂ ನಗಲು ನೋಡಿದೆವು. ಸ್ವಲ್ಪ ನಗು ಬಂತು ಕೂಡ. ನಮ್ಮ ನಡುವಿನದು ಸರಿಹೋಗುತ್ತದೆ, ನನಗೆ ನಂಬಿಕೆ ಇದೆ. ದೊಡ್ಡವರು ಹೇಗೋ ಮಾಡಿಕೊಳ್ಳುತ್ತಾರೆ.

ನಿಧಿ ಒಳಗಿನ ರೂಮಿನಲ್ಲಿದ್ದಳು. ಅಮ್ಮ ಅವಳಿಗೆ ಎಲ್ಲವನ್ನೂ ಹೇಳಿದ್ದಳಂತೆ. ನಾನು ಹೋಗಿ ಮಂಚದ ತುದಿಯಲ್ಲಿ ಕೂತು, ನನಗೆ ಗೊತ್ತೇ ಆಗಲಿಲ್ಲ ಪುಟ್ಟಿ, ಗೊತ್ತಾಗಿದ್ದರೆ ಖಂಡಿತ ಇಟ್ಟುಕೊಳ್ಳುತ್ತಿದ್ದೆ, ಸಾರಿ ಎಂದೆ. ಅವಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಯಾವಾಗಲೂ ಬೇರೆ ಭಾಷೆಯಲ್ಲಿ. ಸ್ವಲ್ಪ ಹೊತ್ತು ಬೆರಳಿನ ಉಗುರು ನೋಡಿಕೊಂಡಿದ್ದು, ಆಮೇಲೆ ಜಪಾನಿಯಲ್ಲಿ 'ಮೋ ಈ ಯೋ' ಎಂದಳು.

ಇನ್ನು ಪರವಾಗಿಲ್ಲ ಎಂದೂ ಆಗುತ್ತದೆ. ಸಾಕು ಬಿಡಿ ಎಂದೂ ಆಗುತ್ತದೆ. ಹೇಳುವ ದನಿಯ ಮೇಲೆ ಹೋಗುತ್ತದೆ. ಅವಳ ದನಿಯಲ್ಲಿ ನನಗೆ ಏನೂ ಗೊತ್ತಾಗಲಿಲ್ಲ. ವಾಪಸ್ ಬರುವಾಗ ಕ್ಯಾಬಿನಲ್ಲಿ ತನ್ವಿಯನ್ನು ಕೇಳಿದೆ, ಅವಳು ಹೇಳಿದ್ದು ಯಾವ ಅರ್ಥದಲ್ಲಿ? ತನ್ವಿ ಕಿಟಕಿಯ ಕಡೆ ನೋಡುತ್ತಲೇ, ಎರಡೂ ಎಂದಳು.

ಅಂದ ಹಾಗೆ, ನೀವು ಈಚೆಗೆ ತಲೆಯಾಡಿಸಿದ್ದು ಯಾವ ಮಾತಿಗೆ, ನಿಮಗೆ ಗೊತ್ತಾ?